ಎಫ್ ಒನ್ ಒತ್ತಿ

ಕೌಲ್ ಬಜಾರದ ಈ ಓಣಿಯಾಗೆ ಬೆಳಿಗ್ಗೆ ಎಂಟಕ್ಕೆ
ಆರು ಹೊಲಿಗೆ ಮಷಿನ್ನು ಒಟ್ಟಿಗೇ ಗುರ್ ಅನ್ನೋ ಹೊತ್ತಿಗೆ
ನನ್ನ ಕಂಪ್ಯೂಟರು ಮಾತ್ರ
ಕರೀ ಪರದೆ ಮ್ಯಾಲೆ ಬಿಳೀ ಅಕ್ಷರ ಮೂಡಿಸಿ
ಹಟ ಹಿಡಿದು ಕೂತಿರತೈತೆ:

'ಕೀಬೋರ್ಡ್ ಸಿಗಲಿಲ್ಲ. ಮುಂದುವರಿಯಲು ಎಫ್ ಒನ್ ಒತ್ತಿ.'

ಸಿಗದಿರೋ ಕೀಬೋರ್ಡಿನಾಗೆ ಏನು ಒತ್ತಲಪ್ಪ?
ನಮ್ಮ ಚಿಕ್ಕತ್ತೆನೂ ಹಿಂಗೇ.
'ನಿನ್ನ ಕೂಡ ಮಾತು ಬಿಟ್ಟೀನಿ' ಅಂತ
ಅಡಿಗೆಮನೆಯಿಂದ ಕೂಗಿ ಹೇಳೋಳು,
ಹೇಳಿ, ಸಾರಿಗೆ ಉಪ್ಪು ಸಾಕಾ ಅಂತ ಕೇಳೋಳು.

ವೈರು ಕಿತ್ತೆ. ತುದಿಗೆ ಉಫ್ ಅಂತ ಊದಿದೆ.
ಹಿಂದಿನ ತೂತು ಬಿಟ್ಟು ಮುಂದಿನದಕ್ಕೆ ಸಿಗಿಸಿದೆ.
ಸಿಕ್ಕಿತು.
ಸಿಕ್ಕಮ್ಯಾಲೆ ಇನ್ನೊಂದು ತಕರಾರು:
'ದಿನಾಂಕ, ಸಮಯ ಹೊಂದಿಸಿಲ್ಲ.'

ಜನವರಿ ಒಂದು, ಎರಡು ಸಾವಿರದ ಒಂಬತ್ತು.
ದಿನಾ ಬೆಳಿಗ್ಗೆ ಅದಕ್ಕೆ ಅದೇ ಬೆಳಿಗ್ಗೆ.

ಅದರ ಲೆಕ್ಕದಾಗೆ ನನಗಿನ್ನೂ ಲಗ್ನ ನಿಕ್ಕಿಯಾಗಿಲ್ಲ,
ಎಡಗೈ ತೋರುಬೆರಳಿಗೆ ಸೂಜಿ ಹೊಕ್ಕಿಲ್ಲ,
ಶಿವಗಂಗಮ್ಮ ಕಿಟಕಿ ಕಡೆ ಮಷಿನ್ನಿಗೆ ಬಂದು ಕೂತಿಲ್ಲ,
ಅವಳ ಮಗ ಹುಟ್ಟಿಲ್ಲ.
ಹುಟ್ಟದ ಹುಡುಗನ ಶಾಲೆ ಫೀಸಿಗೆ ನಾ ಕೊಟ್ಟ ಮುಂಗಡ
ಕೂಲಿ ಲೆಕ್ಕದ ಪಟ್ಟಿಯಾಗೆ
'ಅಮಾನ್ಯ ದಿನಾಂಕ' ಅಂತ ಕೆಂಪಗೆ ಮಿಣಕತೈತೆ.

ಒತ್ತಿದೆ. ಎಫ್ ಒನ್ ಒತ್ತಿದೆ.
ಯುಗಾದಿಯಿಂದ ದೀಪಾವಳಿ ತನಕ ಒತ್ತಿದೆ,
ಕೀಲಿಯ ಮೇಲಿನ ಒಂದು ಸವೆದು ಬರೀ ಎಫ್ ಉಳಿಯಿತು.
ಇವತ್ತು ಯಾವತ್ತು ಅಂತ ಅದಕ್ಕೆ ಕೈಯಿಂದ ಹೇಳಿಕೊಟ್ಟು
ಜಿಪ್ಪಿಗಿಷ್ಟು, ಜೇಬಿಗಿಷ್ಟು, ಬೆಲ್ಟಿನ ಲೂಪಿಗಿಷ್ಟು
ಅಂತ ಶುರು ಮಾಡ್ತಿದ್ದೆ.

ಶನಿವಾರ, ಬಟವಾಡೆ ದಿನ,
ಅಕ್ಷರವೂ ಇಲ್ಲ. ಕತ್ತಲು. ಬೀಪ್, ಬೀಪ್, ಬೀಪ್.

ಗಾದಿಲಿಂಗನಿಗೆ ಫೋನು ಹಚ್ಚಿದೆ.
'ಸಿರುಗುಪ್ಪದಾಗಿದೀನಕ್ಕ, ನಮ್ಮ ಷಡ್ಡಕನ ಮದುವಿ.
ಎಷ್ಟು ಸಲ ಕೂಗ್ತು?'
'ಮೂರು.'
'ಉದ್ದಕೋ, ಗಿಡ್ಡಕೋ?'
'ಎಣಿಸೀನಪ್ಪ, ಅಳೀಲಿಲ್ಲ.'
'ರ‍್ಯಾಮಿಂದೇ ಇರಬೇಕು. ಬಿಚ್ಚು. ಮಕ್ಕಳ ರಬ್ಬರ್ ಐತಾ?'
ಹಿಂದೆ ಬ್ಯಾಂಡು ಜೋರಾಯಿತು. ಉಳಿದಿದ್ದು ಕೇಳಲಿಲ್ಲ.

ಮಷಿನ್ನಿನ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿದೆ.
ಒಳಗೆ ನೀಲಿ.
ಈ ಮನಿಯಾಗೆ ಹೊಲಿದು ಹೋದ ಅಷ್ಟೂ ಜೀನ್ಸು
ಒಂದೊಂದು ಎಳೆ ಬಿಟ್ಟು ಹೋಗಿ
ಫ್ಯಾನಿಗೆ ದುಪ್ಪಟಿ ನೇಯ್ದಿತ್ತು.
ಅದರ ಮ್ಯಾಲೆ ಸಂಡೂರಿನ ಲಾರಿಗಳ ಕೆಂಪು ಧೂಳು.
ಹಲ್ಲಿ ಮೊಟ್ಟೆಯ ಚಿಪ್ಪು ಒಂದು, ಖಾಲಿ.
ಬೋರ್ಡಿನ ಕೆಳಗೆ ಒಂದು ರಿವೆಟ್.

ರಿವೆಟ್ ನೋಡಿ ಕೈ ನಿಂತಿತು.
ಹೋದ ವರ್ಷ ಒಂದು ಪ್ಯಾಂಟು ಜೇಬಿನ ರಿವೆಟ್ ಇಲ್ಲ ಅಂತ
ಚಿಕ್ಕಪೇಟೆಯಿಂದ ವಾಪಸ್ ಬಂದಿತ್ತು,
ಶಿವಗಂಗಮ್ಮನ ಕೂಲಿಯಾಗೆ ಹನ್ನೆರಡು ರೂಪಾಯಿ ಹಿಡಿದಿದ್ದೆ.
'ಹಾಕಿದ್ದೆ ಅಕ್ಕ' ಅಂದಿದ್ದಳು. ಒಂದೇ ಸಲ ಅಂದಿದ್ದಳು.

ರ‍್ಯಾಮಿನ ಬಂಗಾರದ ಹಲ್ಲು ರಬ್ಬರಿನಿಂದ ತಿಕ್ಕಿದೆ.
ಖಾಜಾಮೈನುದ್ದೀನನ ಗಡಿಯಾರದ ಡಬ್ಬಿಯಾಗೆ
ರೂಪಾಯಿ ಅಗಲದ ಸೆಲ್ಲು ಸಿಕ್ತು, ನಲವತ್ತು.
ಹಾಕಿ, ಕೊನೇ ಸಲ ತಾರೀಖು ಹೇಳಿಕೊಟ್ಟು
ಆರಿಸಿ ಹಚ್ಚಿದೆ.
ಏನೂ ಕೇಳಲಿಲ್ಲ ಅದು. ನೇರ ಒಳಗೆ ಬಿಟ್ಟಿತು.
ಬೆರಳು ಮಾತ್ರ ಎಫ್ ಮ್ಯಾಲೇ ಇತ್ತು.

ಶಿವಗಂಗಮ್ಮನ ಹೆಸರಿನ ಮುಂದೆ ಹನ್ನೆರಡು ಕೂಡಿಸಿದೆ.
ಯಾತಕ್ಕೆ ಅನ್ನೋ ಮನೆಯಾಗೆ ಏನು ಬರೀಬೇಕೋ ತಿಳೀದೆ
'ಇತರೆ' ಅಂತ ಹಾಕಿದೆ.

ಸಂಜಿಗೆ ಎರಡು ಸಲ ಎಣಿಸಿದಳು.
'ಲೆಕ್ಕ ತಪ್ಪೈತೆ ಅಕ್ಕ, ಹೆಚ್ಚಿಗಿ ಬಂದೈತೆ.'
ಅಂಗೈ ಚಾಚಿ ರಿವೆಟ್ ತೋರಿಸಿದೆ, ಎಲ್ಲ ಹೇಳಿದೆ.
ಕಿಟಕಿಗೆ ಹಿಡಿದು ತಿರುವಿ ನೋಡಿದಳು.

'ಇದು ತಾಮ್ರದ್ದು.
ಆ ಪ್ಯಾಂಟಿನದು ಹಿತ್ತಾಳೀದು' ಅಂದಳು,

ಅಂದು, ಹನ್ನೆರಡು ರೂಪಾಯಿ ಬೇರೆ ಎತ್ತಿ
ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡಳು.